ಆಕಾಶದೊಳಗಿನ ಬಸ್ತಾ

ವಿಮಾನ ಸಮುದ್ರದ ಮೇಲೆ ಬಂದಾಗ, ‘ಈಗ ಮೊಬೈಲ್ ಬಳಸಬಹುದು’ ಎಂದು ಗಗನಸಖಿ ಹೇಳಿದ್ದೇ ಎಲ್ಲ ಅನಾಹುತಕ್ಕೂ ಕಾರಣವಾಯಿತು. ರಬಕವಿಯ ಬಾಳಾಸಾಹೇಬರ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಗಾದಿಯ ಮೇಲೆ ಸೀರೆ ಬಿಚ್ಚಿ ಹಾಸಿದ್ದ ಶಿವಯೋಗೆಪ್ಪ, ದುಬೈಯ ವ್ಯಾಪಾರಿಯೊಬ್ಬನಿಗೆ ಮಾಲು ತೋರಿಸಲು ಮೊದಲ ಸಲ ವಿಮಾನ ಹತ್ತಿದ್ದ. ಬಳಸಬಹುದು ಎಂದರೆ ಬಳಸಲೇಬೇಕು ಎಂದುಕೊಂಡು ಫೋನ್ ಚಾಲೂ ಮಾಡಿದ. ಅದು ಆ ಕ್ಷಣವೇ ಬಡಕೊಳ್ಳತೊಡಗಿತು.

“ಎಲ್ಲಿ ಸತ್ತಿದ್ದಿಲೇ?” ಬಾಳಾಸಾಹೇಬರು ಅಬ್ಬರಿಸಿದರು. “ಹುನ್ನೂರ ಹೊಳೆಪ್ಪನ ಮನಿಯವ್ರು ಬಸ್ತಾಕ ಬಂದಾರ, ಇಪ್ಪತ್ತೆಂಟು ಮಂದಿ! ನೀನ ದರ ಹೇಳಬೇಕಂತ.”

ಮದುವೆಯ ಜವಳಿ ಕೊಳ್ಳುವ ಈ ಬಸ್ತಾ ಎಂಬುದನ್ನು ಯಾವ ಪುಣ್ಯಾತ್ಮ ಹುಟ್ಟಿಸಿದನೋ! ಒಂದು ಮನೆತನಕ್ಕೆ ಮೊದಲ ಸೀರೆ ಯಾರು ಬಿಚ್ಚಿದರೋ, ಮುಂದಿನ ಮದುವೆಗಳಿಗೂ ಕೊನೆಯ ದರ ಅವನೇ ಹೇಳಬೇಕು. ಬೇರೆಯವರ ಮಾತನ್ನು ಕಿವಿಗೂ ಹಾಕಿಕೊಳ್ಳುವುದಿಲ್ಲ. ಹೊಳೆಪ್ಪನ ಮನೆಯ ಮೂರು ಮದುವೆ ಶಿವಯೋಗೆಪ್ಪನ ಕೈಯಿಂದಲೇ ಆಗಿದ್ದವು.

ಫೋನು ಹೊಳೆಪ್ಪನ ತಾಯಿ ಮುದಕವ್ವನ ಕೈಗೆ ಬಂತು. “ಶಿವಯೋಗೀ, ಆರಾಮ ಅದೀಯೇನೋ ಯಪ್ಪಾ? ಊಟ ಆತೇನು? ಮೋಡ ಕಾಣಾಕತ್ತಾವೇನು?”

ಪಕ್ಕದ ಸೀಟಿನಲ್ಲಿದ್ದ ಬೆಳಗಾವಿಯ ಕೋಟುಧಾರಿ ಬಾಗಿ ಪಿಸುಗುಟ್ಟಿದ. “ಇಲ್ಲಿ ಇನ್‌ಕಮಿಂಗಿಗೂ ನಿಮಿಷಕ್ಕ ನೂರೈವತ್ತು ಬೀಳ್ತಾವ ನೋಡ್ರಿ. ನನಗ ಕಂಪನಿ ಕೊಡತೈತಿ. ನಿಮಗ?”

ಶಿವಯೋಗೆಪ್ಪ ಬೆರಳು ಮಡಚಿ ಎಣಿಸಿದ. ಸಿಮ್ ಅವನದೇ, ಸಂಬಳ ಒಂಬತ್ತು ಸಾವಿರ. ಒಂದು ತಾಸು ಮಾತಾಡಿದರೆ ತಿಂಗಳ ಸಂಬಳ ಗಾಳಿಗೆ ಹೋಯಿತು. ಫೋನ್ ಇಟ್ಟನೆಂದರೆ ಎರಡು ಲಕ್ಷದ ಬಸ್ತಾ ಎದ್ದು ಹೋಗಿ, ಅದರ ಹಿಂದೆಯೇ ನೌಕರಿಯೂ ಹೋಗುತ್ತಿತ್ತು.

“ಲಗೂನ ಹೇಳ್ರಿ ಅವ್ವಾರ!”

“ಅವಸರ ಯಾಕೋ? ಜಾಂಬಳಿ ಬಣ್ಣ ಛಲೋನೋ, ಗಿಣಿಹಸರು ಛಲೋನೋ?”

ಎಲೆ ಅಡಿಕೆಯ ತಟ್ಟೆಯಂತೆ ಫೋನು ಕೈಯಿಂದ ಕೈಗೆ ಸಾಗಿತು. ಒಬ್ಬಳಿಗೆ ಸೆರಗು ಸಣ್ಣದು, ಇನ್ನೊಬ್ಬಳಿಗೆ ಅಂಚು ದೊಡ್ಡದು. ತಿರುಗಿ ಮುದಕವ್ವನಿಗೆ ಬರುವಷ್ಟರಲ್ಲಿ ಕೋಟುಧಾರಿ ಗಡಿಯಾರ ತೋರಿಸಿ, “ಮೂವತ್ತು ನಿಮಿಷ ಆತ್ರೀ!” ಎಂದ. ಇವನನ್ನು ಕೇಳಿದವರು ಯಾರು?

“ಸೀರಿಗೆ ನೂರು ರೂಪಾಯಿ ಬಿಡು.”

“ಆಗಂಗಿಲ್ರಿ.”

“ಎಂಬತ್ತು? ತಡಿ, ನಮ್ಮ ಸೊಸಿ ಅನ್ನವ್ವ ಚಾ ಕುಡಿಯಾಕತ್ತಾಳ. ಅಕೀನೂ ಒಂದು ಮಾತು ಕೇಳೂಣು.”

ಅನ್ನವ್ವ ಚಹಾ ಹೀರುವ ಸದ್ದು ಸಮುದ್ರ ದಾಟಿ ಬಂತು. ಒಂದೊಂದು ಗುಟುಕಿಗೂ ತನ್ನ ರೊಕ್ಕ!

“ನಾಲ್ವತ್ತೊಂದು!” ಎಂದ ಕೋಟುಧಾರಿ.

ಶಿವಯೋಗೆಪ್ಪನ ಪಿತ್ತ ನೆತ್ತಿಗೇರಿತು. ಇಪ್ಪತ್ತೆರಡು ವರ್ಷ ನುಂಗಿದ್ದ ಸಿಟ್ಟೆಲ್ಲ ಒಮ್ಮೆಲೇ ಹೊರಬಿತ್ತು. ಎದ್ದು ನಿಂತು, ತಲೆಯನ್ನು ಮೇಲಿನ ಸಾಮಾನಿನ ಡಬ್ಬಿಗೆ ಬಡಿದುಕೊಂಡು ಒದರಿದ.

“ತೊಗೊಳ್ಳೂದಿದ್ರ ತೊಗೋರಿ, ಇಲ್ಲಂದ್ರ ಎದ್ದು ಮನಿಗೆ ಹೋಗ್ರಿ! ಒಂದು ಪೈಸಾನೂ ಬಿಡಂಗಿಲ್ಲ! ನಿಮ್ಮ ಚಾದ ಸಲುವಾಗಿ ನನ್ನ ಮನಿ ಹಾಳಾಗಾಕತ್ತೈತಿ!”

ಫೋನ್ ಬಂದ್ ಮಾಡಿದ. ಗಗನಸಖಿ ನೀರು ಹಿಡಿದು ಓಡಿ ಬಂದಳು. ನೀರು ಕುಡಿದಂತೆ ಸಿಟ್ಟು ಇಳಿಯಿತು. ಹಿರಿಯ ಜೀವಕ್ಕೆ ಹಾಗೆ ಅಂದುಬಿಟ್ಟೆನಲ್ಲ! ದುಬೈ ಬರುವವರೆಗೂ ಸಾಹುಕಾರರ ಕಾಲು ಹೇಗೆ ಹಿಡಿಯಬೇಕೆಂದು ಯೋಚಿಸುತ್ತ ಕುಳಿತ.

ಇಳಿದು ಫೋನ್ ಚಾಲೂ ಮಾಡುತ್ತಲೇ ಬಾಳಾಸಾಹೇಬರ ಕರೆ ಬಂತು. ಅವರು ನಗುತ್ತಿದ್ದರು. “ಭಲೇ ಹುಲಿ! ಪೂರಾ ದರಕ್ಕ ಎಲ್ಲಾ ಒಯ್ದರು! ‘ಶಿವಯೋಗಿ ಎಂದೂ ಹಿಂಗ ಒದರಿದಾಂವ ಅಲ್ಲ, ಇದು ಖರೇನ ಕಡೀ ದರ’ ಅಂದ್ಲು ಮುದಕವ್ವ.”

ಶಿವಯೋಗೆಪ್ಪನಿಗೆ ಹೋದ ಜೀವ ಬಂದಂತಾಯಿತು. “ಸಾವಕಾರ್ರ, ವಿಮಾನದಾಗ ಇನ್‌ಕಮಿಂಗಿಗೂ ರೊಕ್ಕ ಬೀಳತೈತ್ರಿ. ಆರು ಸಾವಿರದ ಮ್ಯಾಲ ಬಿಲ್ಲಾಗೈತಿ. ಅದಕ್ಕ ಸಿಟ್ಟ ಬಂತ್ರಿ. ಅಂಗಡಿಯಿಂದ ಕೊಟ್ರ…”

“ಖರೇನ? ಬಿಲ್ಲಿಗೇ ಸಿಟ್ಟ ಬಂತಾ?” ಸಾಹುಕಾರರು ನಗು ನಿಲ್ಲಿಸಿ ಲೆಕ್ಕ ಹಾಕಿದರು. “ಹಂಗಾರ ನೀನ ತುಂಬಲೇ. ನಾ ತುಂಬಿದ್ರ ನಿನಗ ಸಿಟ್ಟು ಎಲ್ಲಿಂದ ಬರಬೇಕು? ನಾಳಿ ಸಾವಳಗಿಯವರ ಬಸ್ತಾ ಐತಿ. ನೀ ತಿರುಗಿ ಬರೂ ವಿಮಾನ ಹತ್ತಿದ ಮ್ಯಾಲ ಫೋನ್ ಹಚ್ಚತೀನಿ.”