ಅಂಕಣದಲ್ಲಿ ನಡೆದಾಡಿದ ಅವ್ವ

ಮೊದಲೇ ಹೇಳಿಬಿಡುತ್ತೇನೆ, ಈ ಬರಹದಲ್ಲಿ ಒಂದೆರಡು ವಿವರ ತಪ್ಪಿರಬಹುದು. ಆ ಭಾನುವಾರ ನಾನು ಸೊರಬದ ಬಸ್ಸು ಹತ್ತಿದ್ದು ಒಂಬತ್ತಕ್ಕೋ ಹತ್ತಕ್ಕೋ, ಚಿಕ್ಕವ್ವ ಮಾಡಿದ ಪಲ್ಯ ಹೀರೇಕಾಯಿಯದೋ ಬದನೆಕಾಯಿಯದೋ, ಎಲ್ಲ ಈಗಲೇ ಕಲಸಿಹೋಗಿದೆ. ಇದೆಲ್ಲ ನಡೆದು ಇನ್ನೂ ಒಂದು ವರ್ಷವೂ ಆಗಿಲ್ಲ. ನಾನು ದಿನಚರಿ ಬರೆಯುವವಳು. ಆ ದಿನದ ಪುಟ ತೆಗೆದು ನೋಡಿದರೆ "ಸೊರಬಕ್ಕೆ ಹೋಗಿ ಬಂದೆ. ಸೆಖೆ" ಎಂದಷ್ಟೇ ಇದೆ. ಹಾಲು ಒಡೆದ ದಿನ ಅರ್ಧ ಪುಟ ಬರೆದಿದ್ದೇನೆ; ಬದುಕು ಬುಡಮೇಲಾದ ದಿನ ಸೆಖೆ ಎಂದು ಬರೆದು ಮಲಗಿದ್ದೇನೆ. ಶಿಕಾರಿಪುರದ ಕಾಲೇಜೊಂದರಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಪ್ರತಿವರ್ಷ ಹೊಸ ಮಕ್ಕಳ ಮುಂದೆ ನಿಂತು, "ಒಂದೇ ಆಧಾರವನ್ನು ನಂಬಬೇಡಿ, ಎರಡನೆಯದನ್ನು ಹುಡುಕಿ" ಎಂದು ಗಂಭೀರವಾಗಿ ಹೇಳುತ್ತೇನೆ. ಎಂ.ಎ.ಯಲ್ಲಿ ಕಲಿತ ಈ ಒಂದು ಮಾತನ್ನು ಅರ್ಧ ತಾಲ್ಲೂಕಿಗೆ ಹಂಚಿದ್ದೇನೆ, ಸ್ವಂತಕ್ಕೆಂದು ಸ್ವಲ್ಪವೂ ಇಟ್ಟುಕೊಂಡಿಲ್ಲ.

ತೊಂದರೆ ಶುರುವಾದದ್ದು ನಡಿಗೆಯಿಂದ. ಸಂಜೆ ಕೆರೆ ಏರಿಯ ಮೇಲೆ ನಡೆಯುವುದು ನನ್ನ ಚಾಳಿ. ನಮ್ಮೂರಲ್ಲಿ ಗಂಡಸರು ವಾಕಿಂಗ್ ಹೊರಟರೆ ಪಾಪ, ಸಕ್ಕರೆ ಕಾಯಿಲೆ ಎಂದುಕೊಂಡು ಸುಮ್ಮನಾಗುತ್ತಾರೆ. ಹೆಂಗಸು ಒಬ್ಬಳೇ, ಕೈಯಲ್ಲಿ ಒಂದು ಚೀಲವೂ ಇಲ್ಲದೆ, ಊರಾಚೆ ನಡೆದರೆ ಅದಕ್ಕೊಂದು ಕಾರಣ ಬೇಕೇ ಬೇಕು. ಮೊದಲ ವಾರ ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ ಲೂನಾ ನಿಲ್ಲಿಸಿ, "ಮೇಡಂ, ಬಸ್ ತಪ್ತೇನ್ರಿ? ಹತ್ರಿ, ಸ್ಟ್ಯಾಂಡಿಗೆ ಬಿಡ್ತೀನಿ" ಎಂದರು. ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬಳು ಹೊರೆಯನ್ನು ಇಳಿಸಿಯೇ ನಿಂತು, "ಯಾಕವ್ವ, ಮನ್ಯಾಗ ಜಗಳಾನಾ?" ಎಂದು ಕೇಳಿದಳು. ಇಲ್ಲಜ್ಜಿ, ಹಕ್ಕಿ ನೋಡ್ತಿದೀನಿ ಎಂದೆ. ಅವಳು ನನ್ನ ಮುಖವನ್ನೊಮ್ಮೆ ಆಕಾಶವನ್ನೊಮ್ಮೆ ನೋಡಿ, "ಆಗ್ಲಿ ಬಿಡು, ಎರಡು ದಿನ ತವರಿಗೆ ಹೋಗಿ ಇರು. ಅವನೇ ಕರ್ಯಾಕ ಬರ್ತಾನ" ಎಂದು ಸಮಾಧಾನ ಮಾಡಿದಳು. ಮಾರನೆಯ ದಿನ ಬ್ಯಾಂಕಿನಲ್ಲಿ ನನ್ನ ಯಜಮಾನರನ್ನು ಮೂರು ಜನ ಮರುಕದಿಂದ ಮಾತಾಡಿಸಿದರಂತೆ.

ಊರಿಗೊಂದು ಕಾರಣ ಕೊಡುವುದಕ್ಕಾಗಿಯೇ ನಾನು ಅಂಕಣ ಬರೆಯತೊಡಗಿದೆ ಎಂದರೂ ತಪ್ಪಿಲ್ಲ. ಶಿರಾಳಕೊಪ್ಪದಲ್ಲಿ ನಾಲ್ಕು ಪುಟದ ವಾರಪತ್ರಿಕೆಯೊಂದು ಅಚ್ಚಾಗುತ್ತದೆ. ಅದರ ಸಂಪಾದಕರೇ ಮಾಲೀಕರು, ಅವರೇ ಮೊಳೆ ಜೋಡಿಸುವವರು, ಅವರೇ ಕಟ್ಟು ಕಟ್ಟಿ ಬಸ್ಸಿಗೆ ಹಾಕುವವರು. ಅವರ ನಿಜವಾದ ಕಸುಬು ಲಗ್ನಪತ್ರಿಕೆ. ಮದುವೆಯ ತಿಂಗಳುಗಳಲ್ಲಿ ಅಚ್ಚಿನ ಮೊಳೆಗಳೆಲ್ಲ ವಧೂವರರ ಪಾಲಾಗಿ ನನ್ನ ಅಂಕಣ ಅಂಗೈಯಗಲಕ್ಕೆ ಇಳಿಯುತ್ತಿತ್ತು. ಒಂದು ವಾರ ಮಿಂಚುಳ್ಳಿ ಕೊಂಬೆಯಿಂದ ನೀರಿಗೆ ಹಾರಿತು, ಅಷ್ಟರಲ್ಲಿ ಜಾಗ ಮುಗಿಯಿತು, ಕೆಳಗೆ ಬೀಜ ಗೊಬ್ಬರದ ಅಂಗಡಿಯ ಜಾಹೀರಾತು. ನಾಲ್ಕು ದಿನದ ಮೇಲೆ ಒಂದು ಪೋಸ್ಟ್ ಕಾರ್ಡು ಬಂತು: "ಮಾನ್ಯರೇ, ಸದರಿ ಮಿಂಚುಳ್ಳಿಗೆ ಮೀನು ಸಿಕ್ಕಿತೋ ಇಲ್ಲವೋ ದಯವಿಟ್ಟು ತಿಳಿಸುವುದು." ನನಗೆ ಓದುಗರಿದ್ದಾರೆಂದು ಗೊತ್ತಾದದ್ದೇ ಆ ಕಾರ್ಡಿನಿಂದ. ಸಿಕ್ಕಿತು ಎಂದು ಕೂಡಲೇ ಉತ್ತರ ಬರೆದೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತು ನಾನು ಅಲ್ಲಿ ನಿಂತಿರಲಿಲ್ಲ. ಓದುಗರನ್ನು ನಿರಾಸೆಗೊಳಿಸಬಾರದೆಂಬ ಕಾಯಿಲೆ ನನಗೆ ಆವತ್ತೇ ಅಂಟಿತೆಂದು ಕಾಣುತ್ತದೆ. ಆಮೇಲೆ ಪೋಸ್ಟ್‌ಮನ್ ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವ ಅಭ್ಯಾಸವೂ ಬಂತು. "ನೀನು ನಡೆಯೋದು ಅರ್ಧ ಗಂಟೆ, ಅದನ್ನ ಬರೆಯೋದು ಮೂರು ದಿನ, ಕಾರ್ಡಿಗೆ ಕಾಯೋದು ನಾಲ್ಕು ದಿನ. ವಾರ ಮುಗೀತು" ಎಂದರು ಯಜಮಾನರು.

ಒಂದು ವಾರವೂ ತಪ್ಪಿಸದೆ ಕಾರ್ಡು ಬರೆಯುತ್ತಿದ್ದವಳು ಸೊರಬದ ಚಿಕ್ಕವ್ವ, ಅವ್ವನ ತಂಗಿ. ಅವಳು ಪ್ರೈಮರಿ ಶಾಲೆಯ ಟೀಚರ್, ಕಾರ್ಡಿಗೂ ಕೆಂಪು ಇಂಕೇ. "ನೀನು ನೋಡಿದ್ದು ಮಡಿವಾಳ ಹಕ್ಕಿಯಲ್ಲ. ಅದರ ಬಾಲ ಮೇಲಕ್ಕಿರುತ್ತದೆ. ಕನ್ನಡಕ ಬದಲಿಸು." ನಾನು ಆರು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಆಗಿನ್ನೂ ಮದುವೆಯಾಗದ ಚಿಕ್ಕವ್ವ ಶಿರಾಳಕೊಪ್ಪದ ನಮ್ಮ ಮನೆಗೆ ಬಂದು ಎರಡು ವರ್ಷ ಇದ್ದು ನನ್ನನ್ನು ನೋಡಿಕೊಂಡಳು, ಆಮೇಲೆ ಮದುವೆಯಾಗಿ ಸೊರಬಕ್ಕೆ ಹೋದಳು. ನನ್ನ ನೆನಪಿನ ಚಿಕ್ಕವ್ವ ಎಂದರೆ ಸಿಕ್ಕು ಬಿಡಿಸುವ ನೆವದಲ್ಲಿ ಕೂದಲು ಕೀಳುವವಳು, ಮಗ್ಗಿ ತಪ್ಪಿದರೆ ಕಿವಿ ಹಿಂಡುವವಳು. ಅಪ್ಪ ಬಟ್ಟೆ ಅಂಗಡಿ ಬಿಟ್ಟರೆ ಬೇರೆ ಮಾತಾಡಿದವರಲ್ಲ. ಈಗ ಅವರೂ ಇಲ್ಲ.

ಒಂದು ದಿನ ಸಂಪಾದಕರು, "ಮೇಡಂ, ಹಕ್ಕಿ ಸಾಕ್ರಿ. ಸ್ವಲ್ಪ ಮನುಷ್ಯರನ್ನೂ ಹಾಕ್ರಿ. ಓದೋರ ಕಣ್ಣಾಗ ನೀರು ಬರ್ಬೇಕು" ಎಂದರು. ಕಣ್ಣಲ್ಲಿ ನೀರು ಬರಿಸುವಂಥ ನೆನಪು ನನ್ನ ಹತ್ತಿರ ಒಂದೇ ಇತ್ತು. ಶಿರಾಳಕೊಪ್ಪದಿಂದ ಬಳ್ಳಿಗಾವಿಯ ಕೆರೆಯವರೆಗೆ ಅವ್ವ ನನ್ನನ್ನು ನಡೆಸಿಕೊಂಡು ಹೋದದ್ದು. ನನ್ನ ಕೈ ಹಿಡಿದ ಬಳೆಗಳ ಕೈ, ಕಣ್ಣಿನ ಮಟ್ಟಕ್ಕೆ ಸರಿಯಾಗಿ ಅಲ್ಲಾಡುವ ಚೌಕಳಿ ಸೀರೆಯ ನೆರಿಗೆ. ನೀರಿನ ಮೇಲೆ ಬಾಗಿದ ಈಚಲು ಮರದ ತುಂಬ ಗೀಜಗನ ಗೂಡು. "ಆ ಗೂಡು ಅರ್ಧಕ್ಕೇ ನಿಂತಿದೆ ನೋಡು. ಹೆಣ್ಣಿಗೆ ಒಪ್ಪಿಗೆ ಆಗ್ಲಿಲ್ಲ. ಗಂಡು ಬೇರೆ ಕಟ್ತದೆ" ಎಂಬ ಮಾತು. ಮುಖ ನೆನಪಿಲ್ಲ, ಮಕ್ಕಳ ಎತ್ತರಕ್ಕೆ ದೊಡ್ಡವರ ಮುಖ ಎಲ್ಲಿ ಎಟಕುತ್ತದೆ? ಆದರೆ ಸೀರೆ ನೆನಪಿದೆ. ಅವ್ವನದೆಂದು ನಮ್ಮಲ್ಲಿರುವ ಒಂದೇ ಫೋಟೋದಲ್ಲಿ ಅವಳು ಉಟ್ಟಿರುವುದೂ ಅದೇ ಚೌಕಳಿ ಸೀರೆ. ಅವ್ವ ಕೊನೆಗೆ ಹಾಸಿಗೆ ಹಿಡಿದಿದ್ದಳೆಂದು ಗೊತ್ತಿತ್ತು. ಅದಕ್ಕೆ ಮುಂಚಿನ ಮಾತಿರಬೇಕೆಂದು ನಾನೇ ಹೊಂದಿಸಿಕೊಂಡಿದ್ದೆ. ಗೋಡೆಯ ಮೇಲೆ ದಾಖಲೆಯೇ ತೂಗುತ್ತಿರುವಾಗ ಎರಡನೆಯ ಆಧಾರ ಯಾರಿಗೆ ಬೇಕು? ಬರೆದೆ.

ಹನ್ನೊಂದು ಕಾರ್ಡು ಬಂದವು. ಹಾಸ್ಟೆಲಿನ ಹುಡುಗಿಯೊಬ್ಬಳು ಓದಿ ಅತ್ತಳಂತೆ. ಬಂದಳಿಕೆ ಕಡೆಯ ರೈತರೊಬ್ಬರು ತಮ್ಮ ಬಾವಿಯ ಹತ್ತಿರದ ಗೀಜಗನ ಗೂಡುಗಳನ್ನು ಎಣಿಸಿ ಕಳಿಸಿದರು. "ತಮ್ಮ ತಾಯಿಯವರ ಬಗ್ಗೆ ಇನ್ನೂ ಬರೆಯಬೇಕು" ಎಂದು ಎಲ್ಲರದೂ ಒಂದೇ ಒತ್ತಾಯ. ಬರೆಯಬೇಕು ಎಂದರೆ ಬರೆಯದೆ ಇರುವುದು ಹೇಗೆ? ಎರಡನೆಯ ವಾರ ಅವ್ವ ನನ್ನನ್ನು ಹೊಳೆಯ ಕಡೆ ಕರೆದೊಯ್ದಳು. ಮೂರನೆಯ ವಾರ ಇರುವೆಯ ಸಾಲು ನೋಡಿ ಮಳೆ ಹೇಳಿದಳು. ಆರನೆಯ ವಾರದ ಹೊತ್ತಿಗೆ ಅವಳಿಗೆ ಹದಿನಾಲ್ಕು ಹಕ್ಕಿಗಳ ದನಿ ಗೊತ್ತಿತ್ತು. ಎಲ್ಲವನ್ನೂ ನಾನು ಕಟ್ಟಿದೆನೆಂದಲ್ಲ. ಬರೆಯುತ್ತ ಹೋದ ಹಾಗೆ ನೆನಪಾಗುತ್ತಿತ್ತು, ನೆನಪಾದದ್ದಕ್ಕೆಲ್ಲ ಚೌಕಳಿ ಸೀರೆ ಇರುತ್ತಿತ್ತು. ನನಗೂ ಆ ಆರು ವಾರ ಸುಖವಾಗಿತ್ತು. ಸಂಜೆ ಏರಿಯ ಮೇಲೆ ನಾನು ಒಬ್ಬಳೇ ನಡೆಯುತ್ತಿರಲಿಲ್ಲ.

ಕಾರ್ಡು ಬಾರದೆ ನಿಂತದ್ದು ಚಿಕ್ಕವ್ವನದು ಮಾತ್ರ. ಆರು ವಾರ ಒಂದು ಗೆರೆಯಿಲ್ಲ. ಅಕ್ಕನ ನೆನಪಿನಲ್ಲಿ ಅತ್ತಿರಬೇಕು, ಬರೆಯಲು ಕೈ ಏಳುತ್ತಿಲ್ಲ ಎಂದುಕೊಂಡೆ. ನನ್ನ ಬರಹಕ್ಕೆ ಇಷ್ಟು ಶಕ್ತಿಯೇ ಎಂದು ಒಳಗೊಳಗೇ ಹಿಗ್ಗಿದ್ದನ್ನೂ ಮುಚ್ಚಿಡುವುದಿಲ್ಲ. ಅವಳನ್ನು ಸಮಾಧಾನ ಮಾಡಿ ಬರಲೆಂದು ಆ ಭಾನುವಾರ ಸೊರಬಕ್ಕೆ ಹೊರಟೆ.

"ಬಂದ್ಯೇನೆ ಗಿರ್ಜಾ? ಇಳಿದುಹೋಗಿದೀಯಲ್ಲೇ. ನಡೆದೂ ನಡೆದೂ ಹೀಗಾಗಿದ್ದಾ?" ಎಂದಳು ಚಿಕ್ಕವ್ವ. ಕಣ್ಣು ಕೆಂಪಗಿರಲಿಲ್ಲ, ದನಿ ನಡುಗಲಿಲ್ಲ. ಸಮಾಧಾನದ ಮಾತುಗಳನ್ನು ನಾನು ಹಾಗೇ ಬ್ಯಾಗಿನಲ್ಲಿ ಇಟ್ಟುಕೊಂಡೆ. ಅವಳು ರೊಟ್ಟಿ ತಟ್ಟಲು ಒಳಗೆ ಹೋದಾಗ ಮೇಜಿನ ಮೇಲೆ ಹಳೆಯ ಹಾಜರಿ ಪುಸ್ತಕವೊಂದು ಕಂಡಿತು. ತೆರೆದರೆ ನನ್ನ ಅಂಕಣಗಳು. ಒಂದೊಂದನ್ನೂ ಕತ್ತರಿಸಿ ಅಂಟಿಸಿದ್ದಾಳೆ, ಒಂದೊಂದರ ಮೇಲೂ ಕೆಂಪು ಗೀರು, ಅಂಚಿನಲ್ಲಿ ತಿದ್ದುಪಡಿ, ಕೆಲವಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕವೂ ಇದೆ. ಆರು ದಾಟಿದ್ದು ನನಗೆ ಕಾಣಲಿಲ್ಲ. ಕೊನೆಯ ಆರು ಅಂಕಣಗಳ ಮೇಲೆ ಮಾತ್ರ ಒಂದು ಚುಕ್ಕೆಯೂ ಇರಲಿಲ್ಲ. ಪುಸ್ತಕ ಹಿಡಿದು ಅಡುಗೆಮನೆಗೆ ಹೋಗಿ, "ಇವುಗಳಲ್ಲಿ ತಪ್ಪೇ ಇಲ್ವಾ ಚಿಕ್ಕವ್ವ?" ಎಂದು ಹೆಮ್ಮೆಯಿಂದ ಕೇಳಿದೆ.

"ರೊಟ್ಟಿ ಆರ್ತದೆ. ಕೂತ್ಕೊ."

ಕಿರಾಣಿ ಅಂಗಡಿಗೆ ರಜೆ ಹಾಕಿ ಊಟಕ್ಕೆ ಕೂತಿದ್ದ ಚಿಕ್ಕಪ್ಪ ನಕ್ಕರು. "ತಪ್ಪಿಲ್ದೆ ಎಂತ? ಆ ಗೀಜಗನ ಗೂಡಿನ ದಿನ ನಂಗೆ ಸಮಾ ನೆನಪದೆ ಮಾರಾಯ್ತಿ. ನಾನು, ನಮ್ಮಪ್ಪ, ನಮ್ಮ ಭಾವ ಹೆಣ್ಣು ನೋಡಕ್ಕೆ ಅಂತ ಶಿರಾಳಕೊಪ್ಪಕ್ಕೆ ಬಂದು ನಿಮ್ಮನೆ ಜಗಲಿ ಮೇಲೆ ಎರಡು ತಾಸು ಕೂತಿದೀವಿ. ಹೆಣ್ಣೇ ನಾಪತ್ತೆ! ನಿಮ್ಮಪ್ಪ ಪಾಪ ಮೂರನೇ ಸಲ ಚಾ ತಂದಿಡ್ತಾರೆ. ಕೊನೆಗೆ ಬಂದ್ಲು ನೋಡು ಮಹಾರಾಯ್ತಿ, ಮೊಣಕಾಲ್ತನಕ ಕೆಸರು, ಅಕ್ಕನ ಚೌಕಳಿ ಸೀರೆ ಎತ್ತಿ ಕಟ್ಟಿದಾಳೆ, ಸೊಂಟದ ಮೇಲೆ ನೀನು, ನಿನ್ನ ಕೈಯಲ್ಲೊಂದು ಬಿದ್ದ ಗೂಡು. ಎಲ್ಲಿಗೆ ಹೋಗಿದ್ಯವ್ವ ಅಂತ ನಮ್ಮಪ್ಪ ಕೇಳಿದ್ರೆ, ಮಗು ಅಳ್ತಿತ್ತು, ಹಕ್ಕಿ ತೋರಿಸಕ್ಕೆ ಬಳ್ಳಿಗಾವಿ ಕೆರೆಗೆ ಹೋಗಿದ್ದೆ ಅಂದ್ಲು. ನಮ್ಮ ಭಾವ ಸಿಟ್ಟು ಮಾಡ್ಕೊಂಡು ಎದ್ದೇಬಿಟ್ಟ. ನಾನು ಮಾತ್ರ ಏಳ್ಲಿಲ್ಲ."

"ಎದ್ದು ಹೋಗ್ಬೋದಿತ್ತು. ಯಾರು ನಿಮ್ಮ ಪಂಚೆ ಹಿಡ್ಕೊಂಡಿದ್ರು?" ಎಂದಳು ಚಿಕ್ಕವ್ವ, ಬೆಂಕಿಯ ಕಡೆ ತಿರುಗಿಕೊಂಡೇ.

ನಾನು ನಗಬೇಕೆಂದು ಬಾಯಿ ತೆರೆದೆ, ನಗು ಬರಲಿಲ್ಲ. "ಆಗ ಅವ್ವ?" ಎಂದೆ.

ಚಿಕ್ಕಪ್ಪನಿಗೆ ತಾವೇನು ಮಾಡಿದೆವೆಂದು ಆಗಲೇ ಗೊತ್ತಾದದ್ದು. "ನಿಮ್ಮವ್ವ ತೀರಿಕೊಂಡು ಆಗ ವರ್ಷ ಆಗ್ತಾ ಬಂದಿತ್ತಲ್ಲೇ..." ಎಂದು ಅರ್ಧಕ್ಕೆ ನಿಲ್ಲಿಸಿ, ಪಲ್ಯದ ಪಾತ್ರೆಯನ್ನು ನನ್ನ ಕಡೆ ಸರಿಸಿದರು. ಉಳಿದದ್ದನ್ನು ಚಿಕ್ಕವ್ವ ಹೇಳಿದಳು. "ನೀನು ಹುಟ್ಟಿದ ಮೇಲೆ ಅಕ್ಕಂಗೆ ಎದೆ ಸರಿ ಇರ್ಲಿಲ್ಲ. ಪಡಸಾಲೆಯಿಂದ ಅಂಗಳಕ್ಕೆ ಬರಕ್ಕೆ ಎರಡು ಸಲ ಕೂರ್ತಿದ್ಲು. ಕಾರ್ಯ ಎಲ್ಲ ಮುಗಿದ ಮೇಲೆ ಅವಳ ಒಳ್ಳೆ ಸೀರೆ ನಂಗೆ ಕೊಟ್ರು, ತಂಗಿಗೆ ಸೇರ್ಬೇಕು ಅಂತ. ನಂಗಾದ್ರೂ ಆಗ ಎಷ್ಟು ಸೀರೆ ಇತ್ತು? ಉಟ್ಟೆ."

"ಮತ್ತೆ ಯಾಕೆ ತಿದ್ದಲಿಲ್ಲ ಚಿಕ್ಕವ್ವ? ಬಾಲ ತಪ್ಪಾದ್ರೂ ಬಿಡ್ತಿರ್ಲಿಲ್ಲ ನೀನು."

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿದಳು. "ಅಕ್ಕ ಬಳ್ಳಿಗಾವಿ ತನಕ ನಡೆದ್ಲು ಅಂತ ಅಚ್ಚಾಗಿ ಬಂತು. ಇಲ್ಲ, ನಡೀಲಿಲ್ಲ ಅಂತ ನಾನು ಯಾವ ಕೈಯಿಂದ ಬರೀಲಿ? ಓದ್ತಾ ಓದ್ತಾ ನಂಗೂ ಅವಳು ನಡೆದ ಹಾಗೇ ಆಯ್ತು. ಉಣ್ಣು ನೀನು."

ವಾಪಸು ಬರುವ ಬಸ್ಸಿನಲ್ಲಿ ಅವ್ವನದೆಂದು ನಾನು ಇಟ್ಟುಕೊಂಡಿದ್ದ ನೆನಪುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಜ್ವರ ಬಂದಾಗ ಹಣೆಯ ಮೇಲೆ ಕೈ: ಪಕ್ಕದಲ್ಲಿ ಚೌಕಳಿ ಸೆರಗು. ರೊಟ್ಟಿಯೊಳಗೆ ಸುತ್ತಿ ಕೊಟ್ಟ ಬೆಲ್ಲ: ಅದೇ ಸೆರಗು. ನಮ್ಮ ಮನೆಯಲ್ಲಿ ನನ್ನನ್ನು ಸಾಕಿದವಳು ಒಬ್ಬಳೇ. ಅವಳನ್ನು ನಾನು ಎರಡು ಮಾಡಿ, ಮುದ್ದು ಮಾಡಿದ್ದನ್ನೆಲ್ಲ ಅವ್ವನಿಗೂ ಕಿವಿ ಹಿಂಡಿದ್ದನ್ನೆಲ್ಲ ಚಿಕ್ಕವ್ವನಿಗೂ ಹಂಚಿಬಿಟ್ಟಿದ್ದೆ. ಸಾಲದೆಂದು ಆ ಹಂಚಿಕೆಯನ್ನು ಆರು ವಾರ ಅಚ್ಚು ಹಾಕಿಸಿ ಎರಡು ತಾಲ್ಲೂಕಿಗೆ ಸಾರಿದ್ದೆ. ಈಗ ಎಲ್ಲವನ್ನೂ ಚಿಕ್ಕವ್ವನಿಗೆ ಹಿಂತಿರುಗಿಸಿದರೆ ಅವ್ವನಿಗೆ ಉಳಿಯುವುದು ಫೋಟೋ ಮಾತ್ರ. ಅದರಲ್ಲಿ ಅವಳು ಕುರ್ಚಿಯ ಮೇಲೆ ಕೂತಿದ್ದಾಳೆ.

ಆ ವಾರವೇ ಸಂಪಾದಕರ ಹತ್ತಿರ ಹೋಗಿ ತಿದ್ದುಪಡಿ ಹಾಕಬೇಕೆಂದೆ. "ಏನಂತ್ರಿ?" ಎಂದರು. ಅಂಕಣದಲ್ಲಿ ಬಂದ ಅವ್ವ ನಮ್ಮವ್ವ ಅಲ್ಲ, ಚಿಕ್ಕವ್ವ ಅಂತ ಎಂದೆ. ಅವರು ಮಸಿಗೈಯಿಂದಲೇ ತಲೆ ಕೆರೆದುಕೊಂಡರು. "ಮೇಡಂ, ಹೋದ ತಿಂಗಳು ಲಗ್ನಪತ್ರಿಕೆಯಾಗ ವರನ ಹೆಸರಿನ ಜಾಗಕ್ಕ ಅವರ ಅಣ್ಣನ ಹೆಸರು ಬಿತ್ತು. ನಾನು ತಿದ್ದುಪಡಿ ಹಾಕ್ಲಿಲ್ಲ, ಮದ್ವಿ ಏನ್ ನಿಂತ್ತಾ? ಓದಿದೋರು ಅತ್ತಾರ್ರಿ. ಅತ್ತ ಮ್ಯಾಲೆ ತಪ್ಪಾತು ಅಂದ್ರ ಚಂದ ಅಲ್ಲ." ವಿಷಯ ತಿಳಿಸಿ ಬರೆದದ್ದಕ್ಕೆ ಚಿಕ್ಕವ್ವನಿಂದಲೂ ಕಾರ್ಡು ಬಂತು: "ತಿದ್ದುಪಡಿ ಗಿದ್ದುಪಡಿ ಎಂದರೆ ಕಿವಿ ಹಿಂಡುತ್ತೇನೆ." ನಾನು ಮತ್ತೆ ಬರೀ ಹಕ್ಕಿಗಳನ್ನು ಬರೆಯತೊಡಗಿದೆ. ತಿಂಗಳಾದ ಮೇಲೆ ಮಿಂಚುಳ್ಳಿಯ ಆ ಹಳೆಯ ಓದುಗರು ಕೇಳಿದರು: "ತಮ್ಮ ತಾಯಿಯವರು ಈಚೆಗೆ ಕಾಣುತ್ತಿಲ್ಲ. ಆರೋಗ್ಯವಷ್ಟೆ?" ಮೀನು ಸಿಕ್ಕಿತೆಂದು ಥಟ್ಟನೆ ಬರೆದವಳು ಈ ಕಾರ್ಡನ್ನು ದಿನಚರಿಯೊಳಗೆ ಇಟ್ಟುಬಿಟ್ಟೆ.

ಅಂಚೆ ಕಚೇರಿಯಲ್ಲಿ ಜವಾಬಿ ಕಾರ್ಡು ಸಿಗುತ್ತದೆ. ಎರಡು ಕಾರ್ಡು ಜೋಡಿಸಿರುತ್ತಾರೆ, ಒಂದರಲ್ಲಿ ನಾವು ಬರೆದು ಕಳಿಸಿದರೆ ಇನ್ನೊಂದರಲ್ಲಿ ಅವರು ಉತ್ತರ ಬರೆಯಬೇಕು. ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ ಅಂಥದೊಂದನ್ನು ತಂದು, ಉತ್ತರದ ಕಾರ್ಡಿನ ಮೇಲೆ ನನ್ನ ವಿಳಾಸವನ್ನು ನಾನೇ ಬರೆದು ಸೊರಬಕ್ಕೆ ಹಾಕಿದೆ. ಆಮೇಲೆ ಚಿಕ್ಕವ್ವನಿಂದ ನಾಲ್ಕು ಕಾರ್ಡು ಬಂದಿವೆ, ನಾಲ್ಕೂ ಮಾಮೂಲಿಯವು. ನಾನು ಬರೆದ ಕೊಕ್ಕರೆ ಕೊಕ್ಕರೆಯೇ ಅಲ್ಲವಂತೆ. ಯಜಮಾನರಿಗೆ ಶೀತ ವಾಸಿಯಾಯಿತೇ ಎಂದು ಕೇಳಿದ್ದಾಳೆ. ಒಂದು ಅಂಕಣಕ್ಕೆ ಹತ್ತಕ್ಕೆ ಏಳು ಕೊಟ್ಟಿದ್ದಾಳೆ. ಆ ಜವಾಬು ಮಾತ್ರ ಬಂದಿಲ್ಲ. ಕಷ್ಟದ ಪ್ರಶ್ನೆಯೇನೂ ಅಲ್ಲ, ಹೌದು ಅಥವಾ ಇಲ್ಲ ಎಂದರೆ ಸಾಕು. ನಾನು ಬರೆದದ್ದು ಇಷ್ಟೇ: "ಚಿಕ್ಕವ್ವ, ಅವ್ವ ಒಂದು ಸಲವಾದರೂ ನನ್ನ ಕೈ ಹಿಡಿದುಕೊಂಡು ನಡೆದಿದ್ದಳಾ? ಅಂಗಳದಲ್ಲಾದರೂ?"