ಶೀತ ಹಿಡಿದ ಕೇರೆ

ನಮ್ಮ ಸೋದರಮಾವನ ಲೆಕ್ಕದಲ್ಲಿ ಪ್ರಪಂಚದಲ್ಲಿರುವುದು ಒಂದೇ ಹಾವು. ಅದು ಕೇರೆ! ಪಟ್ಟೆಯಿದ್ದರೂ ಕೇರೆ, ಚುಕ್ಕೆಯಿದ್ದರೂ ಕೇರೆ. ಒಮ್ಮೆ ಹೆಡೆಯೆತ್ತಿ ನಿಂತದ್ದನ್ನೂ ನೋಡಿ, "ಕೇರೇನೆ ಕಣ್ಲಾ, ಒಸಿ ಕೋಪ ಬಂದೈತೆ" ಎಂದಿದ್ದರು. ಇಂಥವರು ನಮ್ಮೂರಿನ ಹಾವು ತಜ್ಞರು! ನೇಮಿಸಿದವರು ಯಾರು ಎಂದು ಕೇಳಬೇಡಿ. ಅವರೇ.

ಇನ್ನೊಂದು ತಲೆನೋವು ಅವರ ಮಾತು. ಹೆಸರು ಹೇಳಿದರೆ ಬಂದುಬಿಡುತ್ತದೆಂದು ನಮ್ಮ ಕಡೆ ಹಾವನ್ನು 'ಹುಳ' ಎನ್ನುವುದು ವಾಡಿಕೆ. ಇರಲಿ. ಆದರೆ ರಾಮನಗರದ ಸುತ್ತ ಹಳ್ಳಿ ಹಳ್ಳಿಯಲ್ಲೂ ರೇಷ್ಮೆ ಸಾಕುತ್ತಾರೆ, ಅದೂ ಹುಳವೇ. ಮಾವ ಫೋನಿನಲ್ಲಿ ಹುಳ ಎಂದರೆ ಯಾವುದೆಂದು ತಿಳಿಯಬೇಕು?

ಅವತ್ತು ಬೆಳಿಗ್ಗೆ ಹಾಗೇ ಆಯಿತು. "ಲೇ, ಹುಳದ ಮನೇಲಿ ಹುಳ ಐತೆ, ಬಿರ್ರನೆ ಬಾ."

ಹುಳದ ಮನೆಯಲ್ಲಿ ಇನ್ನೇನಿರುತ್ತದೆ? ರೇಷ್ಮೆಹುಳ ಹಣ್ಣಾಗಿವೆ, ಗೂಡು ಕಟ್ಟಲು ಬಿಡಬೇಕು, ಆಳು ಸಾಲದು ಎಂದುಕೊಂಡೆ. ಶಾಲೆಗೆ ರಜೆ ಹಾಕಿ, ಪಕ್ಕದವರಿಂದ ಹುಳ ಗೂಡು ಕಟ್ಟುವ ಬಾಗಿಲಗಲದ ಬಿದಿರಿನ ತಟ್ಟಿ, ಚಂದ್ರಿಕೆಯೊಂದನ್ನು ಇಸಿದುಕೊಂಡು, ಸ್ಕೂಟರಿಗೆ ಕಟ್ಟಿಕೊಂಡು ಹೊರಟೆ. ದಾರಿಯುದ್ದಕ್ಕೂ ಜನ ನಕ್ಕರು.

ಹೋಗಿ ನೋಡಿದರೆ ಅಂಗಳದ ತುಂಬ ದೊಣ್ಣೆ ಹಿಡಿದ ಜನ. ಒಳಗೆ ಸೊಪ್ಪಿನ ಕಡ್ಡಿಗಳ ಮೇಲೆ ದಪ್ಪನೆಯ ಕಂದು ಹಾವು, ಬೆನ್ನಿನುದ್ದಕ್ಕೂ ಸರಪಳಿಯಂಥ ಚುಕ್ಕೆ. ಒಬ್ಬ, "ಹೆಬ್ಬಾವಿನ ಮರಿ" ಎಂದ. ಇನ್ನೊಬ್ಬ, "ಕೊಳಕುಮಂಡಲ, ಕಚ್ಚಿದ್ರೆ ಉಳಿಯಾಕಿಲ್ಲ, ಹೊಡೀರ್ಲಾ" ಎಂದ.

"ಕೇರೆ" ಎಂದರು ಮಾವ. "ಎಲ್ಲಾರೂ ಹತ್ತು ಮಾರು ಹಿಂದಕ್ಕೆ ಹೋಗಿ."

ವಿಷವಿಲ್ಲದ ಕೇರೆಗೆ ಹತ್ತು ಮಾರು ಯಾಕೆಂದು ಯಾರಿಗೂ ಹೊಳೆಯಲಿಲ್ಲ. ಮಾವ ಉದ್ದನೆಯ ಬಿದಿರಿನ ಗಳದಿಂದ ಅದನ್ನು ಮೆಲ್ಲಗೆ ಪ್ಲಾಸ್ಟಿಕ್ ಡ್ರಮ್ಮಿಗೆ ನೂಕಿ, ಮುಚ್ಚಳ ಬಿಗಿದರು. "ಸಾವನದುರ್ಗದ ಕಾಡಿಗೆ ಬುಟ್ಟು ಬರಾಣ, ಸ್ಕೂಟರ್ ತೆಗಿ" ಎಂದು ಚಂದ್ರಿಕೆಯನ್ನು ಬಿಚ್ಚಿಳಿಸಿ, ಡ್ರಮ್ಮಿನ ಸಮೇತ ನನ್ನ ಹಿಂದೆ ಕೂತರು.

ಮಾಗಡಿ ದಾರಿಯಲ್ಲಿ ಡ್ರಮ್ಮು ಕುಕ್ಕರಿನ ಹಾಗೆ ಬುಸುಗುಟ್ಟತೊಡಗಿತು.

"ಮಾವ, ಕೇರೆ ಹಿಂಗೆ ಕೂಗ್ತದಾ?"

"ಅದ್ಕೆ ಶೀತ ಆಗೈತೆ. ನೀ ಮುಂದೆ ನೋಡ್ಕೊಂಡು ಓಡ್ಸು."

ಕಾಡಿನಂಚಿನಲ್ಲಿ ನನ್ನನ್ನು ದೂರ ನಿಲ್ಲಿಸಿ, ಗಳದ ತುದಿಯಿಂದ ಮುಚ್ಚಳ ತೆಗೆದರು. ಹಾವು ಪೊದೆಗೆ ಸರಿದುಹೋಯಿತು. ಮಾವ ಗಳ ಬಿಸಾಕಿ ನನ್ನತ್ತ ಓಡಿಬಂದರು.

"ಕೇರೆಗೆ ಯಾಕೆ ಮಾವ ಇಷ್ಟು ಹೆದರಿಕೆ?"

"ಕೊಳಕುಮಂಡಲ ಕಣ್ಲಾ."

ನನಗೆ ರೇಗಿಹೋಯಿತು. "ಅದನ್ನ ನನ್ನ ಬೆನ್ನಿಗಿಟ್ಕೊಂಡು ಬಂದ್ಯಾ?"

"ಮುಚ್ಚಳ ನನ್ ಕಡೀಕಿತ್ತಲ್ಲ" ಎಂದರು. ಆಮೇಲೆ ಕಲ್ಲಿನ ಮೇಲೆ ಕೂತು, "ದಿಟ ಹೇಳಿದ್ರೆ ಹೊಡೆದುಬುಡೋರು. ಹಿಂದ್ಲ ಗುಡ್ಡಾನ ಫ್ಯಾಕ್ಟ್ರಿಗೆ ಅಂತ ಒಡೆದವ್ರೆ, ಅದಾದ್ರೂ ಎಲ್ಲಿಗೆ ಹೋದಾತು?" ಎಂದರು. ಮತ್ತೆ ಅವರೇ ಹೇಳಿದರು: "ಹುಟ್ಟಿದಾಗಿಂದ ಹುಳ ಸಾಕ್ತಾ ಇವ್ನಿ. ಮಗೀನಂಗೆ ಮೇಯ್ಸಿ, ಗೂಡು ಕಟ್ಟಿದ್ಮೇಲೆ ಎಲ್ಲಾನೂ ನೂಲು ತೆಗೆಯೋಕೆ ಬಿಸಿನೀರಿಗೆ ಕಳಿಸ್ದೆ. ಇದೊಂದು ಹುಳನಾದ್ರೂ ಬದುಕ್ಲಿ ಅಂತ."

ಇವರ ಮೇಲೆ ಇಷ್ಟು ವರ್ಷ ಸಿಡುಕಿದ್ದಕ್ಕೆ ನಾಚಿಕೆಯಾಯಿತು.

ಊರಿಗೆ ಬಂದಾಗ ಜನ ನನ್ನನ್ನೇ ಸುತ್ತುವರಿದರು. "ಯಾವ ಹುಳ ಮೇಷ್ಟ್ರೇ?"

"ಕೇರೆ" ಎಂದೆ.