ಭಾವನ ಕಿವಿಯೂ ಕ್ಯಾಸೆಟ್ಟಿನ ಗುಂಯ್ಯೂ

ನಮ್ಮ ಭಾವನ ಮನೆಗೆ ಚಪ್ಪಲಿ ಹಾಕಿಕೊಂಡೇ ಹೋಗಬಹುದು, ಅಡ್ಡಿಯಿಲ್ಲ. ಮೊಬೈಲ್ ಚಾರ್ಜರ್ ಮಾತ್ರ ಹೊರಗೇ ಬಿಡಬೇಕು! ಅದನ್ನು ಗೋಡೆಗೆ ಸಿಕ್ಕಿಸಿದ ಕೂಡಲೇ ಅವರ ಆಂಪ್ಲಿಫೈಯರ್ 'ಗುಂಯ್' ಎನ್ನುತ್ತದಂತೆ. ನಮಗೆ ಕೇಳಿಸುವುದಿಲ್ಲ. ಅವರಿಗೆ ಕೇಳಿಸುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಗಲ್ಫಿನ ಹಮದ್ ಬಂದರಿನಲ್ಲಿ ಕ್ರೇನುಗಳ ಎಲೆಕ್ಟ್ರಿಷಿಯನ್. ಕಂಟೇನರುಗಳ ಢಣಢಣದ ನಡುವೆ ಆರಾಮಾಗಿ ಚಹಾ ಕುಡಿಯುವ ಈ ಮನುಷ್ಯನಿಗೆ ಅಲ್ ರಯ್ಯಾನಿನ ಮನೆಯಲ್ಲಿ ನೊಣ ಹಾರಿದರೂ ಆಗದು. ಕಾರಣ, ಹಳೇ ರೇಡಿಯೊಗಳ ಗಾಜಿನ ವಾಲ್ವುಗಳನ್ನು ಹುಡುಕಿ ತಂದು ಸ್ವಂತ ಕೈಯಲ್ಲಿ ಕಟ್ಟಿದ ಆ ಆಂಪ್ಲಿಫೈಯರ್. ಅದಕ್ಕೂ ಕಾರಣ, ಒಂದು ಕ್ಯಾಸೆಟ್.

ಮದುವೆಯಾದ ಹೊಸತರಲ್ಲಿ ಭಾವ ಇಲ್ಲಿ, ಅಕ್ಕ ಊರಿನ ತುಂಬಿದ ಮನೆಯಲ್ಲಿ. ಆಗೆಲ್ಲ ಗಲ್ಫಿನವರಿಗೆ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಬರುವವರ ಕೈಯಲ್ಲಿ ಉಪ್ಪಿನಕಾಯಿಯ ಜೊತೆ ಕಳಿಸುತ್ತಿದ್ದರು. ಈ ಕ್ಯಾಸೆಟ್ಟಿನಲ್ಲಿ ಭಾವನ ಅಮ್ಮ, ಅಪ್ಪ, ತಂಗಿ ಎಲ್ಲರೂ ಗಂಟಲು ಹರಿಯುವಂತೆ ಮಾತಾಡಿದ್ದಾರೆ. ಕೊಟ್ಟಕೊನೆಗೆ ಅಕ್ಕ ಏನೋ ಪಿಸುಗುಟ್ಟಿದ್ದಾಳೆ. ಅದೊಂದೇ ಗುಂಯ್‌ನಲ್ಲಿ ಮುಳುಗಿಹೋಗಿದೆ! ಸರಿಯಾಗಿ ಅಲ್ಲೇ ಗುಂಯ್ ಏರುವುದೇಕೆ? ಅಷ್ಟರಲ್ಲಿ ವಾಲ್ವು ಕಾದಿರುತ್ತದೆ ಎಂಬುದು ಭಾವನ ಸಿದ್ಧಾಂತ. ಏನು ಹೇಳಿದ್ದೆ ಎಂದು ಕೇಳಿದರೆ ಅಕ್ಕ ನೆನಪಿಲ್ಲ ಎಂದು ಮುಖ ತಿರುಗಿಸುತ್ತಾಳೆ. ಆ ಒಂದು ಮಾತು ಕೇಳದೆ ಬಿಡುವುದಿಲ್ಲವೆಂದು ಭಾವನ ಹಟ.

ಮೊಬೈಲಿನ ಆ್ಯಪ್ ಒಂದು ಗುಂಯ್ ಒರೆಸಿಕೊಡುತ್ತದೆ ಎಂದು ನಾನು ಬುದ್ಧಿ ಹೇಳಲು ಹೋದೆ.

"ಅದು ನಿನ್ನ ಅಕ್ಕನನ್ನೂ ಒರೆಸ್ತದೆ ಮಾರಾಯ" ಎಂದರು.

ಒಮ್ಮೆ ಮುಶೈರಿಬ್‌ನಿಂದ ನೆಂಟರು ಊಟಕ್ಕೆ ಬಂದಿದ್ದಾಗ ಏಸಿ, ಫ್ರಿಜ್ಜು ಎಲ್ಲವನ್ನೂ ಆಫ್ ಮಾಡಿ ಪರೀಕ್ಷೆಗೆ ಕೂತರು. ಆಗಸ್ಟ್ ತಿಂಗಳು ಸ್ವಾಮಿ! ಐಸ್‌ಕ್ರೀಮ್ ಪಾಯಸವಾಯಿತು, ನೆಂಟರು ಅದಕ್ಕಿಂತ ಮೊದಲೇ ಕರಗಿದ್ದರು. ಭಾವ ಸ್ಪೀಕರಿನಿಂದ ಕಿವಿ ತೆಗೆದು, ಸ್ವಲ್ಪ ಕಮ್ಮಿ ಆಯ್ತು ಎಂದು ಘೋಷಿಸಿದರು.

ಇನ್ನೊಮ್ಮೆ ಅಕ್ಕನ ದೋಸೆ ಕಾವಲಿಯೇ ಮಾಯ! ಗುಂಯ್ ತಡೆಯಲು ಟ್ರಾನ್ಸ್‌ಫಾರ್ಮರಿಗೂ ವಾಲ್ವಿಗೂ ನಡುವೆ ಕಬ್ಬಿಣದ ಗೋಡೆ ಬೇಕೆಂದು ಅದನ್ನು ಅಲ್ಲಿ ನಿಲ್ಲಿಸಿದ್ದರು. ದೋಸೆ ಖಲಾಸ್, ಮನೆಮಂದಿಗೆಲ್ಲ ವಾರವಿಡೀ ಖುಬ್ಸ್ ರೊಟ್ಟಿ. ಆಮೇಲೆ ವಾಲ್ವು ಕಾಯಿಸುವ ತಂತಿಗಳನ್ನು ಬಿಗಿಯಾಗಿ ಹೊಸೆಯಬೇಕು ಎಂದು ಅಕ್ಕನನ್ನೇ ಕೂರಿಸಿದರು. ಮಗಳಿಗೂ ಇಷ್ಟು ಚಂದ ಜಡೆ ಹಾಕಿರಲಿಲ್ಲ ಎಂದು ಗೊಣಗುತ್ತ ಹೊಸೆದಳು, ಪಾಪ.

ಕಳೆದ ಶುಕ್ರವಾರ ಬೆಳಿಗ್ಗೆ ನನಗೆ ಬುಲಾವ್ ಬಂತು. ಅರ್ತಿಂಗ್ ತಂತಿಗಳನ್ನೆಲ್ಲ ಭಾವ ಒಂದೇ ಬೋಲ್ಟಿಗೆ ತಂದು ಬಿಗಿದಿದ್ದರು. ಸ್ವಿಚ್ ಹಾಕಿದರು. ನಿಜಕ್ಕೂ ಗುಂಯ್ ಇಲ್ಲ! ಕ್ಯಾಸೆಟ್ ಓಡಿತು. ತಂಗಿಯ ಸೀನು ಕೂಡ ಸ್ಪಷ್ಟ. ಕೊನೆ ಬಂತು. ಮತ್ತೆ ಗುಂಯ್! ಆದರೆ ಈ ಸಲ ಅದರೊಳಗೆ ಕಲ್ಲು ಹೊರಳುವ ಗುಡುಗುಡು ಸದ್ದೂ ಕೇಳಿಸಿತು.

"ಭಾವ, ಇದು ಆಂಪ್ಲಿಫೈಯರ್ ಅಲ್ಲ. ಅಕ್ಕಿ ರುಬ್ಬುವ ಗ್ರೈಂಡರ್" ಎಂದೆ.

ಇಬ್ಬರೂ ಅಕ್ಕನ ಕಡೆ ತಿರುಗಿದೆವು.

"ಮತ್ತೆಂತ ಮಾಡುದು? ಅತ್ತೆ ಹೊಸ್ತಿಲಲ್ಲೇ ಕೂತಿದ್ರು. ಅವರಿಗೆ ಕೇಳಬಾರದಲ್ಲ" ಎಂದಳು.

ಅಂದರೆ ಗುಂಯ್ ಇದ್ದದ್ದು ಕ್ಯಾಸೆಟ್ಟಿನಲ್ಲೇ! ಅದನ್ನು ತೆಗೆಯಲು ಯಾವ ಕಾವಲಿಯೂ ಇಲ್ಲ. ಭಾವ ಸ್ಕ್ರೂಡ್ರೈವರ್ ಕೆಳಗಿಟ್ಟುಬಿಟ್ಟರು. ನಗಬೇಕೆಂದಿದ್ದ ನನಗೆ ಆ ಮುಖ ನೋಡಿ ಸಂಕಟವಾಯಿತು. ಅಕ್ಕನೂ ನೋಡಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಅಲ್ಲಿಂದಲೇ ಕರೆದಳು.

"ಬನ್ನಿ ಇಲ್ಲಿ. ನೀವೊಬ್ಬರೇ."

ಭಾವ ಹೋದರು. ಒದ್ದೆ ಕಣ್ಣಲ್ಲಿ ನಗುತ್ತ ಹೊರಗೆ ಬಂದರು. ಅಕ್ಕ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಹೇಳುವ ಮೊದಲು ಅವಳು ಗ್ರೈಂಡರ್ ಹಾಕಿದ್ದಳು.